ಒಂದೇ ಪ್ರೋಟೀನ್, ಎರಡು ಕಂತು: ಇಲಿಗಳಲ್ಲಿ ನಾನು ಮಾಡಿ ನೋಡಿದ್ದು

ಮೈಸೂರಿನ ಮಾನಸಗಂಗೋತ್ರಿ ಹತ್ತಿರದ ಸಣ್ಣ ಲ್ಯಾಬ್ ನಮ್ಮದು. ಎಚ್‌ಐವಿ ಲಸಿಕೆ ಅಂದ ತಕ್ಷಣ ಎಲ್ಲರೂ ಯಾವ ಪ್ರೋಟೀನ್ ಅಂತ ಕೇಳುತ್ತಾರೆ. ಅದನ್ನು ಹೇಗೆ ಕೊಡ್ತೀರಿ ಅಂತ ಕೇಳೋರು ಕಡಿಮೆ. ನನಗೆ ತಲೆಗೆ ಹತ್ತಿದ್ದು ಅದೇ.

2016ರಲ್ಲಿ ಅಮೆರಿಕದ ಎಂಐಟಿಯವರು ಇಲಿಗಳಿಗೆ ಎಚ್‌ಐವಿಯ ಹೊರಕವಚದ ಜಿಪಿ120 ಪ್ರೋಟೀನನ್ನು ಒಂದೇ ಸಲಕ್ಕೆ ಚುಚ್ಚದೆ, ಡೋಸ್ ಏರಿಸುತ್ತಾ ಏರಿಸುತ್ತಾ ಕೆಲವು ಸಲ ಕೊಟ್ಟರು. ಒಟ್ಟು ಪ್ರಮಾಣ ಅಷ್ಟೇ, ಆಂಟಿಬಾಡಿ ಮಾತ್ರ ಹತ್ತು ಪಟ್ಟಿಗಿಂತ ಜಾಸ್ತಿ! ದುಗ್ಧಗ್ರಂಥಿಯೊಳಗೆ ಆಂಟಿಬಾಡಿ ತಯಾರಿಸುವ ಬಿ ಕೋಶಗಳು ತರಬೇತಿಗೆ ಕೂರಲು ಒಂದು ವಾರವಾದರೂ ಬೇಕು, ಅಷ್ಟರೊಳಗೆ ಒಂದೇ ಸಲ ಕೊಟ್ಟ ಪ್ರೋಟೀನ್ ಒಡೆದು ಚೂರಾಗಿರುತ್ತದೆ. ಮಂಡ್ಯದ ಕಬ್ಬಿನ ರೈತರು ಯೂರಿಯಾ ಎಲ್ಲಾ ಒಂದೇ ದಿನ ಸುರಿಯಲ್ಲ, ಅಲ್ವಾ?

ಆದರೆ ಮನುಷ್ಯರಿಗೆ ಅಷ್ಟು ಸಲ ಯಾರು ಚುಚ್ಚುತ್ತಾರೆ? 2024ರಲ್ಲಿ ಅದೇ ಕಡೆಯವರು ಅದನ್ನು ಎರಡೇ ಚುಚ್ಚಿಗೆ ಇಳಿಸಿದರು. ಮೊದಲು ಶೇ 20, ಏಳು ದಿನ ಬಿಟ್ಟು ಉಳಿದ ಶೇ 80. ಮೊದಲ ಚುಚ್ಚಿನಿಂದ ಹುಟ್ಟಿದ ಅಲ್ಪಸ್ವಲ್ಪ ಆಂಟಿಬಾಡಿ ಎರಡನೇ ಡೋಸನ್ನು ಹಿಡಿದು, ಇಡಿಯಾಗಿ ಒಳಗೆ ತಲುಪಿಸುತ್ತದೆ. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆ ನಾನು ಹಿಡಿದದ್ದು ಈ ಲೆಕ್ಕವನ್ನೇ, ಆದರೆ ನಮ್ಮ ಕೈಗೆಟುಕುವ ಆಲಂ (ಲಸಿಕೆಯ ಪರಿಣಾಮ ಹೆಚ್ಚಿಸಲು ಬೆರೆಸುವ ಅಲ್ಯೂಮಿನಿಯಂ ಲವಣ) ಜೊತೆಗೆ.

ಆಲಂ ವಿಷಯದಲ್ಲಿ ಸ್ವಲ್ಪ ಹುಷಾರು ಬೇಕು. ಆಲಂಗೆ ಫಾಸ್ಫೇಟ್ ಅಂದರೆ ಪ್ರಾಣ. ಲ್ಯಾಬಿನಲ್ಲಿ ಸುಮ್ನೆ ಕೈಗೆ ಸಿಗುವ, ಫಾಸ್ಫೇಟ್ ಬೆರೆತ ಉಪ್ಪುನೀರಾದ ಪಿಬಿಎಸ್‌ನಲ್ಲಿ ಕಲಸಿದರೆ ಪ್ರೋಟೀನ್ ಕೂರಬೇಕಾದ ಜಾಗವನ್ನು ಫಾಸ್ಫೇಟೇ ಹಿಡಿದುಬಿಡುತ್ತದೆ. ಅದಕ್ಕೇ ನಾನು ಫಾಸ್ಫೇಟ್ ಇಲ್ಲದ ಟ್ರಿಸ್ ಬಫರ್ ಬಳಸುತ್ತೇನೆ. ಕಲಸಿ ಅರ್ಧ ಗಂಟೆ ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಬ್ರಾಡ್‌ಫೋರ್ಡ್ ದ್ರಾವಣಕ್ಕೆ ಹಾಕಿ ನೋಡುತ್ತೇನೆ. ಕಂದು ಬಣ್ಣ ನೀಲಿಗೆ ತಿರುಗಿದರೆ ಪ್ರೋಟೀನ್ ಆಲಂಗೆ ಅಂಟದೆ ತಿಳಿಯಲ್ಲೇ ಉಳಿದಿದೆ ಅಂತ. ಈ ಪರೀಕ್ಷೆ ಆಗದೆ ಯಾವ ಇಲಿಗೂ ಸೂಜಿ ಮುಟ್ಟಿಸಲ್ಲ. ತಮಾಷೆ ಏನಂದ್ರೆ, ಇದೇ ಫಾಸ್ಫೇಟ್ ಮೋಹವನ್ನು ಕೆಲವರು ಉಪಯೋಗಕ್ಕೂ ತಂದಿದ್ದಾರೆ. ಪ್ರೋಟೀನಿಗೇ ಫಾಸ್ಫೇಟ್ ಹೊತ್ತ ಫಾಸ್ಫೋಸೆರಿನ್ ಬಾಲ ಕಟ್ಟಿದರೆ ಅದು ಆಲಂ ಬಿಟ್ಟು ಸುಲಭಕ್ಕೆ ಕದಲಲ್ಲ.

ಕೊನೆಗೆ ಎಲೈಸಾ, ಅಂದರೆ ಸೀರಂನಲ್ಲಿ (ರಕ್ತದ ತಿಳಿಯಲ್ಲಿ) ಇರುವ ಆಂಟಿಬಾಡಿಯನ್ನು ಬಣ್ಣದಿಂದ ಅಳೆಯುವ ಪರೀಕ್ಷೆ. ಸೀರಮನ್ನು ಎರಡು ಪಟ್ಟು, ನಾಲ್ಕು ಪಟ್ಟು ಅಂತ ತೆಳು ಮಾಡುತ್ತಾ ಹೋದರೆ, ಒಂದೇ ಚುಚ್ಚಿನ ಇಲಿಗಳ ಸಾಲಿನಲ್ಲಿ ಬಣ್ಣ ಬೇಗ ಮಾಸಿತು. ಕಂತಿನ ಇಲಿಗಳದ್ದು ಇನ್ನೂ ಎರಡು ಮೂರು ವೆಲ್ (ಪರೀಕ್ಷೆಯ ತಟ್ಟೆಯ ಗುಳಿ) ಮುಂದಕ್ಕೂ ಹಳದಿಯಾಗೇ ಇತ್ತು.

ಕುಣಿಯುವ ವಿಷಯವೇನಲ್ಲ. ಎಲೈಸಾ ಹೇಳುವುದು ಆಂಟಿಬಾಡಿ ಅಂಟಿತು ಅಂತ ಮಾತ್ರ, ವೈರಸ್ಸನ್ನು ತಡೆಯಿತು ಅಂತ ಅಲ್ಲ. ಜಿಪಿ120ರ ತೂಕದಲ್ಲಿ ಅರ್ಧದಷ್ಟು ಸಕ್ಕರೆಯೇ, ಅದರ ಸಂದಿಯಲ್ಲಿ ತೂರುವ ಆಂಟಿಬಾಡಿ ಅಪರೂಪ. ಅದಕ್ಕೆ ಆಂಟಿಬಾಡಿ ವೈರಸ್ಸನ್ನು ತಡೆಯುತ್ತದೆಯೇ ಅಂತ ನೋಡುವ ನ್ಯೂಟ್ರಲೈಸೇಶನ್ ಪರೀಕ್ಷೆಯೇ ಆಗಬೇಕು. ಸೀರಮನ್ನು ಮೊದಲೇ ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 80ರಲ್ಲಿ ಇಟ್ಟಿದ್ದೇನೆ. ಪರೀಕ್ಷೆಯ ದಿನ ಒಂದೊಂದೇ ತೆಗೆದು, 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಆಯಿತು.