ಮಗುಗೆ ಕಕ್ಕ ಗಟ್ಟಿಯಾಗಿದ್ರೆ ಮನೇಲಿ ಏನ್ ಮಾಡ್ಬೇಕು, ಏನ್ ಮಾಡಬಾರದು

ಮಕ್ಕಳ ಓಪಿಡಿಲಿ ನರ್ಸ್ ಕೆಲಸ ಮಾಡ್ತಾ ನಾನು ನೋಡಿರೋ ಹಾಗೆ, ಮಗುಗೆ ನಾಲ್ಕು ದಿನದಿಂದ ಕಕ್ಕ ಆಗಿಲ್ಲ ಅಂತ ಬರೋರಲ್ಲಿ ಹೆಚ್ಚಿನವರು ಮನೇಲಿ ಏನಾದ್ರೂ ಒಂದು ಮಾಡೇ ಬಂದಿರ್ತಾರೆ. ಸೋಪಿನ ಚೂರು ಇಟ್ಟಿರ್ತಾರೆ, ಇಲ್ಲ ವೀಳ್ಯದೆಲೆ ತೊಟ್ಟನ್ನ ಹರಳೆಣ್ಣೆಲಿ ಅದ್ದಿ ಹಿಂದೆ ತೂರಿಸಿರ್ತಾರೆ, ಇಲ್ಲ ದೊಡ್ಡೋರು ರಾತ್ರಿ ತಗೊಳೋ ಚೂರ್ಣನ ಚಿಟಿಕೆ ನೆಕ್ಕಿಸಿರ್ತಾರೆ. ಆವತ್ತಿಗೆ ಕೆಲಸ ಆಗುತ್ತೆ, ಎಲ್ಲರಿಗೂ ಉಸಿರು ಬರುತ್ತೆ. ಮುಂದಿನ ವಾರ ಮತ್ತೆ ಅದೇ ಕತೆ, ಜೊತೆಗೆ ಈಗ ಮಗು ಬಾತ್‌ರೂಮ್ ಕಡೆ ಕರ್ಕೊಂಡು ಹೋದ್ರೇ ಕಿರುಚಿ ಕೈ ಬಿಡಿಸ್ಕೊಂಡು ಓಡುತ್ತೆ. ಕಕ್ಕ ಗಟ್ಟಿಯಾಗಿದ್ದನ್ನ ಸರಿ ಮಾಡಬಹುದು, ಆದ್ರೆ ಈ ಭಯ ಕೂತ್ಕೊಂಡುಬಿಟ್ರೆ ತೆಗೆಯೋಕೆ ತಿಂಗಳುಗಟ್ಟಲೆ ಬೇಕಾಗುತ್ತೆ, ಅದಕ್ಕೇ ಇಷ್ಟು ವಿವರವಾಗಿ ಬರೀತಾ ಇದೀನಿ.

ಇಲ್ಲಿ ಹೇಳೋದು ಒಂದೂವರೆ ವರ್ಷದಿಂದ ಐದಾರು ವರ್ಷದವರೆಗಿನ ಮಕ್ಕಳಿಗೆ. ಎಳೆ ಕೂಸುಗಳ ವಿಷಯ ಬೇರೆ. ಬರೀ ಎದೆಹಾಲು ಕುಡಿಯೋ ಕೂಸು ಕೆಲವು ಸಲ ಒಂದು ವಾರ ಕಕ್ಕ ಮಾಡದೇ ಇದ್ದು ಆಮೇಲೆ ಮೆತ್ತಗೆ ಹೋಗುತ್ತೆ, ಚೆನ್ನಾಗಿ ಹಾಲು ಕುಡೀತಾ ತೂಕ ಏರ್ತಾ ಇದ್ರೆ ಅದು ಮಲಬದ್ಧತೆ ಅಲ್ಲ. ಇನ್ನು ಕೆಲವು ಕೂಸುಗಳು ಹತ್ತು ಹದಿನೈದು ನಿಮಿಷ ಮುಖ ಕೆಂಪು ಮಾಡ್ಕೊಂಡು ಅತ್ತು ಕೊನೆಗೆ ನೀರಾಗೇ ಮಾಡ್ತವೆ, ಅದಕ್ಕಿನ್ನೂ ಕೆಳಗಿನ ಸ್ನಾಯು ಸಡಿಲ ಬಿಡೋದು ಗೊತ್ತಾಗಿಲ್ಲ ಅಷ್ಟೇ, ತಾನಾಗೇ ಸರಿಹೋಗುತ್ತೆ. ಆರು ತಿಂಗಳ ಒಳಗಿನ ಕೂಸಿಗೆ ನೀರು, ಗ್ರೈಪ್ ವಾಟರ್, ಬಜೆ ಯಾವುದೂ ಬೇಡ. ಜೇನುತುಪ್ಪ ಒಂದು ವರ್ಷ ತುಂಬೋವರೆಗೂ ನಾಲಿಗೆಗೆ ಸವರೋದೂ ಬೇಡ, ಅದರಲ್ಲಿ ಬಾಟುಲಿಸಂ ಅನ್ನೋ ಕಾಯಿಲೆ ತರೋ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು.

ಹಂತ 1: ದಿನ ಎಣಿಸಬೇಡಿ, ಕಕ್ಕ ನೋಡಿ

ದಿನಾ ಹೋಗಲೇಬೇಕು ಅಂತೇನಿಲ್ಲ. ಎರಡು ದಿನಕ್ಕೊಂದು ಸಲ ಮೆತ್ತಗೆ ಸಲೀಸಾಗಿ ಹೋಗೋ ಮಗು ಆರೋಗ್ಯವಾಗೇ ಇದೆ, ದಿನಾ ಆಡಿನ ಹಿಕ್ಕೆ ಥರ ನಾಲ್ಕು ಉಂಡೆ ಹಾಕೋ ಮಗುಗೇ ತೊಂದರೆ ಇರೋದು. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಆಸ್ಪತ್ರೆಯ ಡಾಕ್ಟರುಗಳು 1997ರಲ್ಲಿ ಪ್ರಕಟಿಸಿದ ಒಂದು ಚಾರ್ಟ್ ಇದೆ, ಕಕ್ಕದಲ್ಲಿ ಏಳು ನಮೂನೆ ಚಿತ್ರ ಬರೆದಿರೋದು, ಮಕ್ಕಳ ಡಾಕ್ಟರುಗಳು ಇವತ್ತಿಗೂ ಅದನ್ನೇ ತೋರಿಸಿ ಕೇಳ್ತಾರೆ. ಒಂದು ಎರಡು ನಂಬರ್ ಅಂದ್ರೆ ಗಟ್ಟಿ, ಮೂರು ನಾಲ್ಕು ಸರಿಯಾಗಿರೋದು, ಆರು ಏಳು ಅಂದ್ರೆ ತೀರಾ ತೆಳು. ವಾರಕ್ಕೆ ಎರಡೇ ಸಲ ಅಥವಾ ಅದಕ್ಕಿಂತ ಕಮ್ಮಿ, ಗಟ್ಟಿ, ಹೋಗುವಾಗ ನೋವು, ಫ್ಲಶ್ ಮಾಡಿದ್ರೂ ಹೋಗದಷ್ಟು ದಪ್ಪ, ಇವು ಇದ್ರೆ ಮುಂದಕ್ಕೆ ಓದಿ.

ಹಂತ 2: ತಿಣುಕ್ತಾ ಇದೆಯೋ, ತಡ್ಕೊಳ್ತಾ ಇದೆಯೋ

ಜನ ಎಡವೋದು ಇಲ್ಲೇ. ಮಗು ಸೋಫಾ ಹಿಂದೆ ಹೋಗಿ ನಿಂತ್ಕೊಳುತ್ತೆ, ಇಲ್ಲ ಬಾಗಿಲ ಸಂದಿಲಿ ಪರದೆ ಹಿಡ್ಕೊಂಡು, ತುದಿಗಾಲಲ್ಲಿ ನಿಂತು, ಕಾಲು ಕತ್ತರಿ ಹಾಕಿ, ಮೈಯೆಲ್ಲಾ ಬಿಗಿ ಮಾಡಿ, ಮುಖ ಕೆಂಪಗೆ, ಕಣ್ಣಲ್ಲಿ ನೀರು. ಅಮ್ಮ ಹೇಳ್ತಾರೆ, "ಪಾಪ ಎಷ್ಟು ತಿಣುಕುತ್ತೆ ಸಿಸ್ಟರ್, ಬರೋದೇ ಇಲ್ಲ". ಆದ್ರೆ ಸರಿಯಾಗಿ ನೋಡಿ, ನಿಜವಾಗಿ ಕಕ್ಕ ಮಾಡಬೇಕು ಅಂದ್ರೆ ಯಾರಾದ್ರೂ ಮಂಡಿ ಮಡಿಸಿ ಕೂರ್ತಾರೆ, ಕಾಲು ನೆಟ್ಟಗೆ ಮಾಡಿ ಕುಂಡಿ ಬಿಗಿ ಹಿಡಿಯಲ್ಲ. ಮಗು ಕಕ್ಕನ ಹೊರಗೆ ತಳ್ಳೋಕೆ ಒದ್ದಾಡ್ತಾ ಇಲ್ಲ, ಬರ್ತಾ ಇರೋದನ್ನ ಒಳಗೇ ನಿಲ್ಲಿಸೋಕೆ ಒದ್ದಾಡ್ತಾ ಇದೆ.

ಯಾಕೆ ಅಂದ್ರೆ ಯಾವತ್ತೋ ಒಂದು ಸಲ ನೋವಾಗಿದೆ. ಜ್ವರ ಬಂದು ಸರಿಯಾಗಿ ತಿಂದಿರಲ್ಲ, ಬೇಸಿಗೆಲಿ ನೀರು ಕುಡಿದಿರಲ್ಲ, ಬಸ್ಸಲ್ಲಿ ದೂರ ಹೋಗಿರ್ತೀರ, ಡೈಪರ್ ಬಿಡಿಸೋಕೆ ಅವಸರ ಮಾಡಿರ್ತೀರ, ಏನೋ ಒಂದು ಕಾರಣಕ್ಕೆ ಗಟ್ಟಿಯಾಗಿ ಬಂದು ಹಿಂದೆ ಚರ್ಮ ಸಣ್ಣಗೆ ಸೀಳಿದೆ. ಎರಡು ವರ್ಷದ ಮಗುಗೆ ಅರ್ಥ ಆಗೋದು ಒಂದೇ, ಕಕ್ಕ ಅಂದ್ರೆ ನೋವು, ಮಾಡದೇ ಇದ್ರೆ ನೋವಿಲ್ಲ. ತಡ್ಕೊಂಡ ಕಕ್ಕ ದೊಡ್ಡ ಕರುಳಲ್ಲಿ ಕೂರುತ್ತೆ, ಕರುಳು ಅದರಲ್ಲಿರೋ ನೀರನ್ನ ಹೀರ್ಕೊಳ್ತಾನೇ ಇರುತ್ತೆ, ಇನ್ನೂ ಗಟ್ಟಿಯಾಗುತ್ತೆ, ಮುಂದಿನ ಸಲ ಇನ್ನೂ ನೋವು. ಹೀಗೇ ವಾರಗಟ್ಟಲೆ ನಡೆದ್ರೆ ಕರುಳಿನ ಕೊನೆ ಭಾಗ ಹಿಗ್ಗಿ, ಕಕ್ಕ ಬಂದಿದೆ ಅನ್ನೋ ಸೂಚನೆಯೇ ಮಗುಗೆ ಸರಿಯಾಗಿ ಗೊತ್ತಾಗಲ್ಲ.

ಇನ್ನೊಂದು ಕಡೆನೂ ಮೋಸ ಹೋಗ್ತಾರೆ. ನಾಲ್ಕು ದಿನ ಹೋಗದೇ ಇದ್ದ ಮಗುಗೆ ಇದ್ದಕ್ಕಿದ್ದ ಹಾಗೆ ಚಡ್ಡಿಲಿ ತೆಳ್ಳಗೆ ಸೋರೋಕೆ ಶುರುವಾಗುತ್ತೆ, ಭೇದಿ ಹಿಡೀತು ಅಂತ ಔಷಧಿ ನಿಲ್ಲಿಸಿ, ಬಾಳೆಕಾಯಿ ಕೊಟ್ಟು, ಮೆಡಿಕಲ್ ಶಾಪಿಂದ ಭೇದಿ ನಿಲ್ಲಿಸೋ ಸಿರಪ್ ತರ್ತಾರೆ. ಒಳಗೆ ಗಟ್ಟಿ ಗೆಡ್ಡೆ ಕೂತಿರುತ್ತೆ, ಅದರ ಪಕ್ಕದಲ್ಲಿ ಮೇಲಿನ ತೆಳು ಕಕ್ಕ ಜಾರಿ ಬರ್ತಾ ಇರೋದು ಅದು. ಮಗುಗೆ ಅದು ಬರ್ತಿರೋದೇ ಗೊತ್ತಾಗಲ್ಲ, ಅದಕ್ಕೆ ಹೊಡೆಯೋದು, "ಛೀ ಗಲೀಜು" ಅನ್ನೋದು, ಅಣ್ಣ ಅಕ್ಕಂದಿರ ಮುಂದೆ ಆಡ್ಕೊಳೋದು ದಯವಿಟ್ಟು ಮಾಡಬೇಡಿ. ಸೋರ್ತಾ ಇದ್ರೆ ಮನೆಮದ್ದು ಸಾಕು ಮಾಡಿ ಡಾಕ್ಟರ್ ಹತ್ರ ಹೋಗಿ.

ಹಂತ 3: ಮೊದಲು ಮೆತ್ತಗೆ ಮಾಡಿ, ಆಮೇಲೆ ಉಳಿದದ್ದು

ಹಣ್ಣು ಸೊಪ್ಪು ಕೊಟ್ಟು ನೋಡೋಣ ಅಂತ ತಿಂಗಳು ಕಾಯ್ತಾರೆ. ಒಂದೆರಡು ವಾರದಿಂದ ಸ್ವಲ್ಪ ಗಟ್ಟಿ ಅಂದ್ರೆ ಊಟದಲ್ಲೇ ಸರಿಹೋಗಬಹುದು. ಆದ್ರೆ ತಡ್ಕೊಳೋ ಅಭ್ಯಾಸ ಬಂದುಬಿಟ್ಟ ಮಗುಗೆ ಬರೀ ಪಪ್ಪಾಯ ಸಾಲಲ್ಲ, ಔಷಧಿ ಬೇಕು. ಡಾಕ್ಟರುಗಳು ಸಾಮಾನ್ಯವಾಗಿ ಬರೆಯೋದು ಪಾಲಿಎಥಿಲಿನ್ ಗ್ಲೈಕಾಲ್ ಪುಡಿ, ಇಲ್ಲ ಲ್ಯಾಕ್ಟುಲೋಸ್ ಸಿರಪ್. ಎರಡೂ ಕಕ್ಕದಲ್ಲಿ ನೀರು ಉಳಿಸಿ ಮೆತ್ತಗೆ ಮಾಡ್ತವೆ, ಅಷ್ಟೇ. ಡೋಸ್ ತೂಕದ ಮೇಲೆ ಇರೋದ್ರಿಂದ ಅಕ್ಕನ ಮಗುಗೆ ಬರೆದಿದ್ದನ್ನ ನಿಮ್ಮ ಮಗುಗೆ ಕೊಡಬೇಡಿ. ಪುಡಿನ ಡಾಕ್ಟರ್ ಹೇಳಿದಷ್ಟು ನೀರಲ್ಲಿ ಪೂರ್ತಿ ಕರಗಿಸಿ ಕೊಡಿ. ಲ್ಯಾಕ್ಟುಲೋಸ್ ಶುರುಲಿ ಹೊಟ್ಟೆಲಿ ಗ್ಯಾಸ್ ಮಾಡಬಹುದು, ಗಾಬರಿ ಬೇಡ. ಒಳಗೆ ಗೆಡ್ಡೆ ಕೂತಿದ್ರೆ ಮೊದಲ ಕೆಲವು ದಿನ ಜಾಸ್ತಿ ಡೋಸ್ ಕೊಟ್ಟು ಖಾಲಿ ಮಾಡಿಸ್ತಾರೆ, ಆ ದಿನಗಳಲ್ಲಿ ಚಡ್ಡಿ ಜಾಸ್ತಿ ಇಟ್ಕೊಳಿ, ಸ್ಕೂಲಿಗೆ ಕಳಿಸಬೇಡಿ.

"ಅಭ್ಯಾಸ ಆಗಿಬಿಡುತ್ತೆ, ಆಮೇಲೆ ಔಷಧಿ ಇಲ್ದೆ ಹೋಗಲ್ಲ" ಅಂತ ಅಜ್ಜಿ ಹೇಳ್ತಾರೆ, ಪಕ್ಕದ ಮನೆಯವರು ಹೇಳ್ತಾರೆ. ಈ ಎರಡು ಔಷಧಿ ಕರುಳನ್ನ ಸೋಮಾರಿ ಮಾಡಲ್ಲ. ಮಗುನ ಔಷಧಿಗೆ ವಾಪಸ್ ತರೋದು ಬೇಗ ನಿಲ್ಲಿಸೋದು: ಮೂರು ದಿನ ಕೊಡ್ತಾರೆ, ಚೆನ್ನಾಗಿ ಹೋಗುತ್ತೆ, ನಿಲ್ಲಿಸ್ತಾರೆ, ಹತ್ತು ದಿನಕ್ಕೆ ಮತ್ತೆ ಗಟ್ಟಿ, ಮತ್ತೆ ನೋವು, ಮಗು ಮತ್ತೆ ಪರದೆ ಹಿಂದೆ. ಕಮ್ಮಿ ಅಂದ್ರೂ ಎರಡು ತಿಂಗಳು ಕೊಡಬೇಕು, ಅದರಲ್ಲಿ ಕೊನೆ ಒಂದು ತಿಂಗಳು ಪೂರ್ತಿ ಯಾವ ತೊಂದರೆನೂ ಇಲ್ದೆ ಇರಬೇಕು, ಆಮೇಲೆ ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸ್ಕೊಂಡು ಬರಬೇಕು. ಹಿಗ್ಗಿದ ಕರುಳು ಮೊದಲಿನ ಅಳತೆಗೆ ಬರೋಕೆ, ಮಗು ಆ ನೋವು ಮರೆಯೋಕೆ ಅಷ್ಟು ಟೈಮ್ ಬೇಕು.

ಸೋಪು, ತೊಟ್ಟು, ಬೆರಳು, ಮೆಡಿಕಲ್ ಶಾಪಲ್ಲಿ ಕೇಳಿ ತಂದ ಎನಿಮಾ, ಹಿಂದಿನಿಂದ ಏನನ್ನೂ ನೀವಾಗೇ ಹಾಕಬೇಡಿ. ಸೋಪು ಒಳಗಿನ ಪದರ ಉರಿಸುತ್ತೆ. ಇದಕ್ಕಿಂತ ಮುಖ್ಯವಾಗಿ, ಇಬ್ಬರು ಹಿಡ್ಕೊಂಡು ಒಬ್ಬರು ತೂರಿಸೋದು ಮಗು ಮನಸ್ಸಲ್ಲಿ ಉಳಿಯುತ್ತೆ. ಗ್ಲಿಸರಿನ್ ಬತ್ತಿ ಡಾಕ್ಟರ್ ಹೇಳಿದ್ರೆ ಮಾತ್ರ, ಹೇಳಿದ ಸಲ ಮಾತ್ರ. ತಿಂಗಳಿಗೊಂದು ಸಲ ಹರಳೆಣ್ಣೆ ಕುಡಿಸಿ "ಹೊಟ್ಟೆ ತೊಳೆಯೋದು" ನಮ್ಮಲ್ಲಿ ಹಳೇ ರೂಢಿ, ಅದರಿಂದ ಹೊಟ್ಟೆ ಹಿಂಡಿ ನೋವು, ಭೇದಿ, ಮೈಲಿ ನೀರು ಕಮ್ಮಿ ಆಗೋದು, ಬಿಟ್ಟುಬಿಡಿ. ಹೊಕ್ಕಳಿಗೆ ಇಂಗು ಹಚ್ಚೋದ್ರಿಂದ ಕಕ್ಕ ಮೆತ್ತಗಾಗಲ್ಲ.

ಹಂತ 4: ಕೂರಿಸೋದು

ಊಟ ಹೊಟ್ಟೆಗೆ ಬಿದ್ದ ಮೇಲೆ ದೊಡ್ಡ ಕರುಳು ತಾನಾಗೇ ಅಲುಗಾಡೋಕೆ ಶುರು ಮಾಡುತ್ತೆ, ಬೆಳಿಗ್ಗೆ ತಿಂಡಿ ಆದ್ಮೇಲೆ ಇದು ಇನ್ನೂ ಜೋರು. ಆ ಟೈಮ್ ಹಿಡೀಬೇಕು. ತಿಂಡಿ ಆಗಿ ಅರ್ಧ ಗಂಟೆ ಒಳಗೆ, ರಾತ್ರಿ ಊಟ ಆದ್ಮೇಲೆ ಇನ್ನೊಂದು ಸಲ, ಐದು ನಿಮಿಷ, ಹೆಚ್ಚಂದ್ರೆ ಹತ್ತು. ಬರಲಿ ಬರದೇ ಇರಲಿ ಎಬ್ಬಿಸಿಬಿಡಿ. "ಬರೋವರೆಗೂ ಏಳಬೇಡ" ಅಂತ ಅರ್ಧ ಗಂಟೆ ಕೂರಿಸೋದು ಶಿಕ್ಷೆ. ಇದು ಔಷಧಿ ಶುರುವಾಗಿ ಕಕ್ಕ ಮೆತ್ತಗಾದ ಮೇಲೆ ಮಾಡೋ ಕೆಲಸ, ಗಟ್ಟಿ ಇರುವಾಗ ಕೂರಿಸಿದ್ರೆ ನೋವನ್ನ ಜ್ಞಾಪಿಸಿದ ಹಾಗೇ. ಡೈಪರಲ್ಲೇ ಮಾಡ್ತೀನಿ ಅಂದ್ರೆ ಸದ್ಯಕ್ಕೆ ಡೈಪರಲ್ಲೇ ಮಾಡಲಿ, ಟಾಯ್ಲೆಟ್ ಟ್ರೇನಿಂಗ್ ಎರಡು ತಿಂಗಳು ಮುಂದಕ್ಕೆ ಹಾಕಿ.

ಈಗ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲಾ ಕಮೋಡ್. ದೊಡ್ಡೋರ ಕಮೋಡ್ ಮೇಲೆ ಮೂರು ವರ್ಷದ ಮಗುನ ಕೂರಿಸಿದ್ರೆ ಕಾಲು ಗಾಳಿಲಿ ನೇತಾಡುತ್ತೆ, ಒಳಗೆ ಬಿದ್ದುಬಿಡ್ತೀನಿ ಅಂತ ಎರಡೂ ಕೈಲಿ ಅಂಚು ಬಿಗಿಯಾಗಿ ಹಿಡ್ಕೊಂಡಿರುತ್ತೆ. ಮೇಲೆ ಬಿಗಿ ಇದ್ರೆ ಕೆಳಗೂ ಬಿಗಿ. ಎರಡು ವಸ್ತು ಬೇಕು, ಮಕ್ಕಳ ಸೀಟ್ ರಿಂಗ್ ಒಂದು, ಕಾಲಿಡೋಕೆ ಗಟ್ಟಿಯಾದ ಸ್ಟೂಲ್ ಒಂದು. ಪಾದ ಪೂರ್ತಿ ಊರಿರಬೇಕು, ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು, ಕಾಲು ಅಗಲ, ಮೊಣಕೈ ತೊಡೆ ಮೇಲೆ, ಮೈ ಸ್ವಲ್ಪ ಮುಂದಕ್ಕೆ. ಹೀಗೆ ಕೂತಾಗ ಕರುಳಿನ ಕೊನೆಲಿರೋ ತಿರುವು ನೇರ ಆಗುತ್ತೆ. ಬಚ್ಚಲಲ್ಲಿ ಬಟ್ಟೆ ಒಗೆಯೋಕೆ ಕೂರೋ ಪ್ಲಾಸ್ಟಿಕ್ ಸ್ಟೂಲೇ ಸಾಕು, ಜಾರದ ಹಾಗೆ ಇರಲಿ ಅಷ್ಟೇ. ಮ್ಯೂಸಿಕ್ ಬರೋ, ಲೈಟ್ ಹತ್ತೋ ಪಾಟಿ ಕೊಳ್ಳಬೇಡಿ, ಮಗು ಬಟನ್ ಒತ್ತೋದ್ರಲ್ಲೇ ಮುಳುಗಿರುತ್ತೆ.

ಹಿಂದೆ ನಮ್ಮ ಮನೆಗಳಲ್ಲಿ ಅಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನ ಎರಡು ಪಾದದ ಮೇಲೆ ಕುಕ್ಕರಗಾಲಲ್ಲಿ ಕೂರಿಸ್ತಾ ಇದ್ರು. ಅದೇ ಸರಿಯಾದ ಭಂಗಿ, ಮಗುಗೆ ಅಮ್ಮನ ಮೈಯ ಆಸರೆನೂ ಇತ್ತು. ಇಂಡಿಯನ್ ಟಾಯ್ಲೆಟ್ ಇರೋ ಮನೇಲಿ ಚಿಕ್ಕ ಮಗು ಎರಡು ಕಡೆ ಕಾಲಿಡೋಕೆ ಎಟುಕಲ್ಲ, ಹೆದರುತ್ತೆ, ಎದುರಿಗೆ ಕೂತು ಎರಡೂ ಕೈ ಹಿಡ್ಕೊಳಿ.

ಕೂತಾಗ ಮೊಬೈಲ್ ಬೇಡ. ಸೋಪಿನ ಗುಳ್ಳೆ ಊದಿಸಿ, ಬಲೂನ್ ಊದಿಸಿ, ಪೀಪಿ ಊದಿಸಿ, ಊದುವಾಗ ಹೊಟ್ಟೆ ತಾನಾಗೇ ಒತ್ತುತ್ತೆ, "ತಳ್ಳು ತಳ್ಳು" ಅಂತ ಹೇಳೋ ಅವಶ್ಯಕತೆನೇ ಇರಲ್ಲ. ಕೂತಿದ್ದಕ್ಕೆ ಹೊಗಳಿ, ಕ್ಯಾಲೆಂಡರಲ್ಲಿ ಸ್ಟಿಕ್ಕರ್ ಅಂಟಿಸಿ. ಕಕ್ಕ ಬಂದಿದ್ದಕ್ಕೆ ಮಾತ್ರ ಸ್ಟಿಕ್ಕರ್ ಕೊಟ್ರೆ, ಬರದೇ ಇದ್ದ ದಿನ ತಾನು ಸೋತೆ ಅಂದ್ಕೊಳುತ್ತೆ ಮಗು.

ಹಿಂದೆ ಸೀಳಿದ್ರೆ ಉಗುರುಬೆಚ್ಚಗಿನ ನೀರಿನ ಟಬ್ಬಲ್ಲಿ ಐದು ಹತ್ತು ನಿಮಿಷ ಕೂರಿಸಿ ಒರೆಸಿ ಸ್ವಲ್ಪ ವ್ಯಾಸಲಿನ್ ಹಚ್ಚಿ.

ಹಂತ 5: ಹಾಲು ಕಮ್ಮಿ, ರಾಗಿ ಸೋಸಬೇಡಿ

ದಿನಕ್ಕೆ ಅರ್ಧ ಲೀಟರ್ ಮೇಲೆ ಹಾಲು ಬೇಡ. ಎರಡೂವರೆ ವರ್ಷದ ಮಗು ಇನ್ನೂ ಬಾಟಲಲ್ಲಿ ನಾಲ್ಕೈದು ಸಲ ಕುಡಿಯುತ್ತೆ, ಜೊತೆಗೆ ಬಿಸ್ಕೆಟ್ ಅದ್ದಿ ಕೊಡ್ತಾರೆ, ಆಮೇಲೆ "ಊಟನೇ ಮಾಡಲ್ಲ ಸಿಸ್ಟರ್" ಅಂತಾರೆ. ಹೊಟ್ಟೆ ಹಾಲಲ್ಲೇ ತುಂಬಿದೆ, ಅನ್ನ ಸಾರು ಪಲ್ಯಕ್ಕೆ ಜಾಗ ಎಲ್ಲಿ? ಹೈಟ್ ಬರುತ್ತೆ ಅಂತ ಹಾಲಿಗೆ ಬೆರೆಸೋ ಪೌಡರುಗಳಿಗೆ ಕೊಡೋ ದುಡ್ಡಲ್ಲಿ ಸೀಬೆಹಣ್ಣು ತನ್ನಿ. ಹಾಲು ಪೂರ್ತಿ ನಿಲ್ಲಿಸೋದನ್ನ ನೀವಾಗೇ ಮಾಡಬೇಡಿ, ಕೆಲವು ಮಕ್ಕಳಿಗೆ ಮಾತ್ರ ಡಾಕ್ಟರ್ ಕೆಲವು ವಾರ ನಿಲ್ಲಿಸಿ ನೋಡಿ ಅಂತಾರೆ.

ರಾಗಿಯಿಂದಲೇ ಕಕ್ಕ ಗಟ್ಟಿಯಾಗುತ್ತೆ ಅಂತ ಬಹಳ ಜನ ಹೇಳ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಲಿ 3 ಗ್ರಾಂ ಕೂಡ ಇಲ್ಲ. ಹಾಗಾದ್ರೆ ಯಾಕೆ ಗಟ್ಟಿಯಾಗುತ್ತೆ ಅಂದ್ರೆ, ನಾವು ರಾಗಿ ಸರಿ ಮಾಡುವಾಗ ಹಿಟ್ಟನ್ನ ಬಟ್ಟೇಲಿ ಜರಡಿ ಹಿಡಿದು ಹೊಟ್ಟೆಲ್ಲಾ ಎಸೀತೀವಿ, ನಾರೆಲ್ಲಾ ಅದರಲ್ಲೇ ಹೋಗುತ್ತೆ, ಉಳಿದಿದ್ದನ್ನ ಹಾಲಲ್ಲಿ ಗಟ್ಟಿಯಾಗಿ ಕಾಯಿಸಿ ಕೊಡ್ತೀವಿ. ಆರು ತಿಂಗಳ ಕೂಸಿಗೆ ಬಟ್ಟೇಲಿ ಸೋಸಿದ್ದು ಸರಿ, ಒಂದು ವರ್ಷ ದಾಟಿದ ಮೇಲೆ ಬೇಡವೇ ಬೇಡ, ಮನೆಯವರಿಗೆ ಮಾಡಿದ ಮುದ್ದೆಯಲ್ಲೇ ಒಂದು ತುತ್ತು ಸೊಪ್ಪಿನ ಸಾರಲ್ಲಿ ಕಲಸಿ ಕೊಡಿ.

ಮಗುಗೆ ಎಷ್ಟು ವಯಸ್ಸೋ ಅದಕ್ಕೆ ಐದು ಸೇರಿಸಿ, ದಿನಕ್ಕೆ ಸುಮಾರು ಅಷ್ಟು ಗ್ರಾಂ ನಾರು ಸಾಕು, ಮೂರು ವರ್ಷಕ್ಕೆ ಎಂಟು ಗ್ರಾಂ. ಸೀಬೆ, ಪಪ್ಪಾಯ, ಸಪೋಟ, ಕರಬೂಜ, ಚೆನ್ನಾಗಿ ಕಳಿತ ಬಾಳೆಹಣ್ಣು, ಹುರುಳಿಕಾಯಿ ಪಲ್ಯ, ದಂಟಿನ ಸೊಪ್ಪು, ಹೆಸರುಕಾಳು ಸಾರು. ಜ್ಯೂಸ್ ಮಾಡಿ ಸೋಸಬೇಡಿ, ಹಣ್ಣನ್ನೇ ಕೊಡಿ. ಒಣದ್ರಾಕ್ಷಿ ಅಂಜೂರನ ರಾತ್ರಿ ನೆನೆಸಿ ಬೆಳಿಗ್ಗೆ ಕಿವುಚಿ ಆ ನೀರಿನ ಸಮೇತ ಕೊಡಿ, ಚಿಕ್ಕ ಮಗುಗೆ ಇಡೀ ದ್ರಾಕ್ಷಿ ಕೊಟ್ರೆ ಗಂಟಲಲ್ಲಿ ಸಿಕ್ಕಿಕೊಳುತ್ತೆ. ಇಸಬ್‌ಗೋಲ್ ಚಿಕ್ಕ ಮಕ್ಕಳಿಗೆ ನನ್ನ ಪ್ರಕಾರ ಬೇಡ, ಸಾಕಷ್ಟು ನೀರು ಕುಡಿಯದ ಮಗುಗೆ ಅದು ಒಳಗೇ ಕಟ್ಕೊಳುತ್ತೆ. ಫೈಬರ್ ಬಿಸ್ಕೆಟ್ಟಿನ ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ, ಎಷ್ಟೋ ಬ್ರ್ಯಾಂಡಲ್ಲಿ ಮೊದಲ ಹೆಸರೇ ಮೈದಾ ಇರುತ್ತೆ. ನೀರು ಬಾಯಾರಿಕೆಗೆ ತಕ್ಕಷ್ಟು, ಬಲವಂತವಾಗಿ ಲೀಟರುಗಟ್ಟಲೆ ಕುಡಿಸಿದ್ರೆ ಕಕ್ಕ ಮೆತ್ತಗಾಗಲ್ಲ, ಉಚ್ಚೆ ಜಾಸ್ತಿ ಆಗುತ್ತೆ ಅಷ್ಟೇ.

ಹಂತ 6: ಸ್ಕೂಲಲ್ಲಿ ಕೇಳಿ

ಎಲ್‌ಕೆಜಿ ಯುಕೆಜಿ ಮಕ್ಕಳು ಸ್ಕೂಲ್ ಟಾಯ್ಲೆಟ್ ವಾಸನೆಗೆ, ಬಾಗಿಲು ಹಾಕೋಕೆ ಬರದೇ ಇದ್ದಿದ್ದಕ್ಕೆ, ಯಾರು ತೊಳೆಸ್ತಾರೆ ಅನ್ನೋ ಭಯಕ್ಕೆ ಮಧ್ಯಾಹ್ನದವರೆಗೂ ತಡ್ಕೊಳ್ತಾರೆ. ಕ್ಲಾಸ್ ಟೀಚರ್ ಹತ್ರ, ಆಯಾ ಹತ್ರ ನೇರವಾಗಿ ಮಾತಾಡಿ, ಕೇಳಿದ ತಕ್ಷಣ ಕಳಿಸಬೇಕು ಅಂತ ಹೇಳಿ. ಬೆಳಿಗ್ಗೆ ಇಪ್ಪತ್ತು ನಿಮಿಷ ಮುಂಚೆ ಎಬ್ಬಿಸಿ, ವ್ಯಾನ್ ಹಾರ್ನ್ ಹೊಡೀತಾ ಇರುವಾಗ ಯಾವ ಮಗುನೂ ಕೂರಲ್ಲ.

ಮನೇಲಿ ಕಾಯಬಾರದ್ದು

ಹುಟ್ಟಿದ ಎರಡು ದಿನದಲ್ಲಿ ಮೊದಲ ಕಪ್ಪು ಕಕ್ಕ ಹೋಗಿರದ ಮಗು, ಮೊದಲ ತಿಂಗಳಿಂದಲೇ ಈ ತೊಂದರೆ ಇರೋ ಮಗು, ಹೊಟ್ಟೆ ಉಬ್ಬಿ ಬಿಗಿಯಾಗಿರೋದು, ಹಸಿರು ವಾಂತಿ, ಜ್ವರ, ತೂಕ ಏರದೇ ಇರೋದು, ಕಾಲಲ್ಲಿ ಬಲ ಇಲ್ಲದಿರೋದು, ಕಕ್ಕ ರಿಬ್ಬನ್ ಥರ ತೆಳ್ಳಗೆ ಬರೋದು, ರಕ್ತ ಜಾಸ್ತಿ ಹೋಗೋದು, ಇವುಗಳಲ್ಲಿ ಯಾವುದೇ ಒಂದು ಇದ್ರೂ ಮೇಲಿನ ಹಂತ ಯಾವುದನ್ನೂ ಮನೇಲಿ ಮಾಡ್ತಾ ಕೂರಬೇಡಿ. ಹಸಿರು ವಾಂತಿ, ಉಬ್ಬಿದ ಹೊಟ್ಟೆ ಅಂದ್ರೆ ಅದೇ ದಿನ ಆಸ್ಪತ್ರೆ, ರಾತ್ರಿ ಆಗಿದ್ರೂ ಸರಿ.

ಉಳಿದಂತೆ ಓಪಿಡಿಗೆ ಬರುವಾಗ ಒಂದು ವಾರದ್ದು ಬರ್ಕೊಂಡು ಬನ್ನಿ: ಯಾವ ದಿನ ಹೋಯ್ತು, ಎಷ್ಟು ಗಟ್ಟಿ, ದಿನಕ್ಕೆ ಎಷ್ಟು ಲೋಟ ಹಾಲು, ಕಬ್ಬಿಣದ ಡ್ರಾಪ್ಸ್ ಅಥವಾ ಬೇರೆ ಔಷಧಿ ಏನಾದ್ರೂ ನಡೀತಿದೆಯಾ, ಮನೇಲಿ ಏನೇನು ಹಾಕಿ ನೋಡಿದ್ರಿ. ಕಕ್ಕದ ಫೋಟೋ ಫೋನಲ್ಲಿದ್ರೆ ತೋರಿಸಿ, ಸಂಕೋಚ ಬೇಡ, ಡಾಕ್ಟರುಗಳು ಅದನ್ನೇ ಕೇಳೋದು. ಸೋಪು ಇಟ್ಟಿದ್ರೆ ಇಟ್ಟಿದ್ವಿ ಅಂತಾನೇ ಹೇಳಿ, ಪರೀಕ್ಷೆ ಮಾಡುವಾಗ ಮಗು ಯಾಕೆ ಅಷ್ಟು ಹೆದರುತ್ತೆ ಅನ್ನೋದು ಗೊತ್ತಾದ್ರೆ ನಾವೂ ನಿಧಾನಕ್ಕೆ, ನಿಮ್ಮ ಮಡಿಲಲ್ಲೇ ಕೂರಿಸ್ಕೊಂಡು ನೋಡ್ತೀವಿ.