ಒ-9 ಕೂಡಿಕೊಳ್ಳದ ದಿನ

ಕೋಲಾರದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕಲ್ಚರ್, ಅಂದರೆ ರೋಗಿಯ ಮಾದರಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ನೋಡುವುದು ನನ್ನ ಕೆಲಸ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಭರದಿಂದ ನಡೆಯುತ್ತಿದ್ದ ದಿನಗಳಲ್ಲಿ, ಎಂಟು ದಿನವಾದರೂ ಜ್ವರ ಇಳಿಯದ ಹುಡುಗನೊಬ್ಬನ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು. ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕಾಂಕಿ ಪ್ಲೇಟಿನಲ್ಲಿ ಬಣ್ಣವಿಲ್ಲದ ಕಾಲೊನಿ, ಅಂದರೆ ಬ್ಯಾಕ್ಟೀರಿಯಾದ ಚುಕ್ಕೆ. ಟಿಎಸ್‌ಐ ಎಂಬ, ಸಕ್ಕರೆ ಬೆರೆತ ಅಗಾರ್ ಜೆಲ್ಲಿಯ ನಳಿಕೆಯಲ್ಲಿ ಇಳಿಜಾರು ಕೆಂಪು, ತಳ ಹಳದಿ, ಗ್ಯಾಸ್ ಇಲ್ಲ, ನಡುವೆ ಚಿಗುರು ಮೀಸೆಯಂತೆ ಸಣ್ಣ ಕಪ್ಪು ಗೆರೆ. ಆ ಮೀಸೆ ಕಂಡರೆ ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಎಂದು ಮನಸ್ಸು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ.

ಸ್ಲೈಡಿನ ಮೇಲೆ ಸಲೈನ್ ಹನಿ ಹಾಕಿ, ನ್ಯೂಟ್ರಿಯಂಟ್ ಅಗಾರ್‌ನಿಂದ ಒಂದು ಕಾಲೊನಿ ತೆಗೆದು ಕಲಸಿದೆ. ಬರೀ ಸಲೈನಿನಲ್ಲೇ ಒಡೆದರೆ, ಅಂದರೆ ಬ್ಯಾಕ್ಟೀರಿಯಾ ತಾನಾಗಿಯೇ ಗುಂಪುಗೂಡಿದರೆ, ಆ ತಳಿಯ ಮೇಲೆ ಸೀರಮ್ ಪರೀಕ್ಷೆಗೆ ಅರ್ಥವಿಲ್ಲ. ಒಡೆಯಲಿಲ್ಲ. ಟೈಫಿಯ ಮೈಮೇಲಿನ ಒ-9 ಎಂಬ ಗುರುತನ್ನು (ಪ್ರತಿಜನಕ) ಹಿಡಿದು ಬ್ಯಾಕ್ಟೀರಿಯಾವನ್ನು ಗುಂಪುಗೂಡಿಸುವ ಒ-9 ಸೀರಮ್ ಹಾಕಿ ಸ್ಲೈಡನ್ನು ಮೆಲ್ಲಗೆ ಓಲಾಡಿಸಿದೆ. ಹಾಲು ಒಡೆದಂತೆ ಗಸಿ ಕಾಣಬೇಕಿತ್ತು. ಕಾಣಲಿಲ್ಲ. ಹಿಂದಿನ ರಾತ್ರಿ ಕರೆಂಟ್ ಹೋಗಿತ್ತು. ಫ್ರಿಜ್ಜಿನಲ್ಲಿದ್ದ ಸೀರಮ್ ಕೆಟ್ಟಿತೇ ಎಂದು ಗೊತ್ತಿರುವ ತಳಿಯ ಮೇಲೆ ಹಾಕಿದೆ. ಕ್ಷಣದಲ್ಲಿ ಒಡೆಯಿತು. ಸೀರಮ್ ಸರಿಯಿತ್ತು. ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ‘ಟೈಫಿ ಅಲ್ಲ’ ಎಂದು ಬರೆದೆ.

ಹಿರಿಯ ಮೇಡಂ ಅದನ್ನು ನೋಡಿ, “ವಿಐ ಸೀರಮ್ ಹಾಕಿದೆಯಾ ಅಮ್ಮ?” ಎಂದರು. ಹಾಕಿರಲಿಲ್ಲ. ಹಾಕಿದೆ. ನೋಡುತ್ತಿದ್ದಂತೆಯೇ ಒಡೆಯಿತು. ಟೈಫಿ ಮೈಮೇಲೆ ವಿಐ ಎಂಬ ಹೊದಿಕೆ ಇರುತ್ತದೆ. ದಪ್ಪವಾಗಿದ್ದರೆ ಕೆಳಗಿನ ಒ ಪ್ರತಿಜನಕಕ್ಕೆ ಸೀರಮ್ ತಲುಪುವುದಿಲ್ಲ. ಕಂಬಳಿ ಮುಸುಕು ಹಾಕಿದವನ ಗುರುತು ಹಿಡಿಯಲು ಹೊರಟಿದ್ದೆ ನಾನು.

ಆ ಹೊದಿಕೆ ಕಳಚಲು ಬ್ಯಾಕ್ಟೀರಿಯಾವನ್ನು ಸಲೈನಿನಲ್ಲಿ ಕಲಸಿ, ಕುದಿಯುವ ನೀರಿನಲ್ಲಿ 20 ನಿಮಿಷ ಇಟ್ಟು, ಪೂರ್ತಿ ಆರಿಸಿ ಮತ್ತೆ ಒ-9 ಹಾಕಿದೆ. ಕಪ್ಪು ಕಾಗದದ ಮೇಲೆ ಹಿಡಿದಾಗ ಬಿಳಿ ರವೆ ಚೆಲ್ಲಿದಂತೆ ಗಸಿ ಕಂಡಿತು. ಕಶಾಂಗದ, ಅಂದರೆ ಈಜುವ ಬಾಲದ, ಪ್ರತಿಜನಕವಾದ ಎಚ್-ಡಿ ನೋಡಲು ಮಾತ್ರ ಕುದಿಸಿದ್ದು ಬೇಡ, ಶಾಖಕ್ಕೆ ಅದು ಹಾಳಾಗುತ್ತದೆ. ಅದಕ್ಕೆ ಅರೆಗಟ್ಟಿ ಅಗಾರ್‌ನಲ್ಲಿ ಚುರುಕಾಗಿ ಓಡಾಡುವಂತೆ ಬೆಳೆಸಿದ ಜೀವಂತ ತಳಿ ಬೇಕು. ಮರುದಿನ ಅದೂ ಕೂಡಿಕೊಂಡಿತು.

ಸಾಲ್ಮೊನೆಲ್ಲಾದಲ್ಲಿ ಪ್ರತಿಜನಕ ನೋಡಿ ಬೇರ್ಪಡಿಸಿದ ಬಗೆಗಳು, ಅಂದರೆ 2,500ಕ್ಕೂ ಹೆಚ್ಚು ಸೀರೋಟೈಪ್‌ಗಳಿವೆ, ನಮ್ಮ ಫ್ರಿಜ್ಜಿನಲ್ಲಿರುವುದು ಬೆರಳೆಣಿಕೆಯ ಸೀರಮ್. ಗುರುತು ಸಿಗದವನ್ನು ಹಿಮಾಚಲದ ಕಸೌಲಿಯಲ್ಲಿರುವ ಸಾಲ್ಮೊನೆಲ್ಲಾ ಕೇಂದ್ರಕ್ಕೆ ಕಳುಹಿಸುವುದುಂಟು. ಈ ತಳಿಗೆ ಅಷ್ಟು ದೂರದ ಪ್ರಯಾಣ ಬೇಕಾಗಲಿಲ್ಲ. ಪೆನ್ಸಿಲ್ ಬರಹ ಅಳಿಸಿ, ಅದರ ಮೇಲೆಯೇ ಪೆನ್ನಿನಿಂದ ‘ಸಾಲ್ಮೊನೆಲ್ಲಾ ಟೈಫಿ’ ಎಂದು ಬರೆದೆ.