ಹೃದಯ ಕಸಿಯ ನಂತರ ಕಿಡ್ನಿ ಉಳಿಸಿಕೊಳ್ಳುವುದು: ನಾವು ನಡೆಸುವ ಕ್ರಮ

ಕಸಿಯಾದ ಹೃದಯವನ್ನು ದೇಹ ತಿರಸ್ಕರಿಸದಂತೆ ಕಾಯುವ ಟ್ಯಾಕ್ರೋಲಿಮಸ್, ಕಿಡ್ನಿಗೆ ರಕ್ತ ಒಯ್ಯುವ ಸಣ್ಣ ನಾಳಗಳನ್ನು ಬಿಗಿಮಾಡುತ್ತದೆ. ಶುರುವಿನಲ್ಲಾದರೆ ಡೋಸ್ ಇಳಿಸಿದಾಗ ಈ ಬಿಗಿತ ಸಡಿಲಾಗುತ್ತದೆ. ವರ್ಷಗಟ್ಟಲೆ ಹಾಗೇ ಇದ್ದರೆ ಕಿಡ್ನಿಯೊಳಗೆ ಗಾಯದ ಕಲೆ ಕಟ್ಟುತ್ತದೆ, ಅದು ಅಳಿಯುವುದಿಲ್ಲ.

ರಕ್ತದಲ್ಲಿ ಟ್ಯಾಕ್ರೋಲಿಮಸ್ ಎಷ್ಟಿದೆ ಎಂಬ ಲೆಕ್ಕವನ್ನೇ ನಾವು ಲೆವೆಲ್ ಎನ್ನುವುದು. ಅದನ್ನು ನೋಡಲು, ರಾತ್ರಿ 9ಕ್ಕೆ ಈ ಗುಳಿಗೆ ತೆಗೆದುಕೊಂಡವರ ರಕ್ತವನ್ನು ನಾವು ತೆಗೆಯುವುದು ಬೆಳಿಗ್ಗೆ 9ಕ್ಕೆ, ಬೆಳಗಿನ ಗುಳಿಗೆಗೆ ಮುಂಚೆ. ಗುಳಿಗೆ ನುಂಗಿ ಬಂದವರ ಲೆವೆಲ್ ಏರಿಯೇ ಇರುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ಹೃದಯಕ್ಕೇ ಕುತ್ತು. ಅದಕ್ಕೇ ಲ್ಯಾಬ್ ಚೀಟಿಯಲ್ಲಿ ಕೊನೆಯ ಡೋಸ್‌ನ ಹೊತ್ತು ಬರೆಸುತ್ತೇವೆ. ಮೊದಲೆರಡು ತಿಂಗಳು ಸಾಮಾನ್ಯವಾಗಿ 10–15, ಆರು ತಿಂಗಳ ನಂತರ 5–10 ನ್ಯಾನೋಗ್ರಾಂ (ಒಂದು ಮಿಲಿಲೀಟರ್ ರಕ್ತಕ್ಕೆ) ನಮ್ಮ ಗುರಿ. ಕಿಡ್ನಿ ಸೋಲುತ್ತಿದ್ದರೆ ಕೆಳಗಿನ ಅಂಚಿನಲ್ಲೇ ಇಡುತ್ತೇವೆ.

ಕಿಡ್ನಿ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ಒಂದನ್ನೇ ನೆಚ್ಚಬಾರದು. ಅದು ಸ್ನಾಯುವಿನಿಂದ ಬಂದು ಕಿಡ್ನಿ ಹೊರಹಾಕುವ ಕಸ, ಸ್ನಾಯು ಕಡಿಮೆಯಿದ್ದರೆ ಅದೂ ಕಡಿಮೆ. ಹೃದಯ ವೈಫಲ್ಯದಿಂದ ಸ್ನಾಯು ಕರಗಿದ, 45 ಕಿಲೋ ತೂಗುವ ರೋಗಿಯಲ್ಲಿ 1.0 ಬಂದರೆ ಸಮಾಧಾನಪಡುವಂತಿಲ್ಲ. ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಮಾಡಿಸಬಹುದು, ಆದರೆ ಸ್ಟೀರಾಯ್ಡ್ ಅದನ್ನು ಏರಿಸುತ್ತದೆ. ಹಾಗಾಗಿ ಎರಡನ್ನೂ ಜೊತೆಗಿಟ್ಟು, ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ತಿಳಿಸುವ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತವನ್ನೂ ನೋಡುತ್ತೇವೆ. ಪೊಟ್ಯಾಸಿಯಂ ಏರಿ ಮೆಗ್ನೀಸಿಯಂ ಇಳಿದಿದ್ದರೆ ಟ್ಯಾಕ್ರೋಲಿಮಸ್ ಮೇಲೇ ಮೊದಲ ಅನುಮಾನ.

ನಮಗೆ ಹೆಚ್ಚು ಆತಂಕ ಭೇದಿಯದು. ಗುಳಿಗೆ ದಕ್ಕಲಿಲ್ಲ, ಲೆವೆಲ್ ಇಳಿದಿರುತ್ತದೆ ಎಂದು ಮನೆಯವರು ಎಣಿಸುತ್ತಾರೆ. ಸಾಮಾನ್ಯವಾಗಿ ಆಗುವುದು ತಿರುವುಮುರುವು: ಕರುಳಿನ ಒಳಪದರ ಈ ಔಷಧದ ಒಂದು ಪಾಲನ್ನು ಒಡೆದು, ಇನ್ನೊಂದು ಪಾಲನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ, ಪದರ ಕೆಟ್ಟಾಗ ಆ ತಡೆ ಹೋಗಿ ಲೆವೆಲ್ ಏರುತ್ತದೆ. ಜೊತೆಗೆ ನೀರೂ ಬತ್ತಿರುವುದರಿಂದ ಕಿಡ್ನಿಗೆ ಇಮ್ಮಡಿ ಪೆಟ್ಟು. ಆದ್ದರಿಂದ ಫೋನ್ ಬಂದ ದಿನವೇ ಲೆವೆಲ್, ಕ್ರಿಯಾಟಿನಿನ್, ಪೊಟ್ಯಾಸಿಯಂ ಮೂರನ್ನೂ ಮಾಡಿಸುತ್ತೇವೆ. ತಾವಾಗಿ ಡೋಸ್ ಹೆಚ್ಚಿಸಬಾರದು, ಬಿಡಲೂಬಾರದು. ಮೂತ್ರ ಹೆಚ್ಚು ಹೋಗುವಂತೆ ಮಾಡುವ ಗುಳಿಗೆ ನಿಲ್ಲಿಸಬೇಕೇ ಎಂದು ಆಗಲೇ ತೀರ್ಮಾನಿಸುತ್ತೇವೆ. ಕುಡಿಯಲು ಓಆರ್‌ಎಸ್. ಎಳನೀರು ಬೇಡ, ಅದರಲ್ಲಿ ಪೊಟ್ಯಾಸಿಯಂ ಓಆರ್‌ಎಸ್‌ಗಿಂತ ಬಹಳ ಜಾಸ್ತಿ. ಎಳನೀರು ಕುಡಿಸಬೇಡಿ ಎಂದರೆ ನಮ್ಮ ಕಡೆ ಯಾರೂ ಸುಲಭವಾಗಿ ಒಪ್ಪುವುದಿಲ್ಲ! ಭೇದಿಗೆ, ತಿರಸ್ಕಾರ ತಡೆಯಲು ಜೊತೆಗೆ ಕೊಡುವ ಮೈಕೋಫಿನೋಲೇಟ್ ಗುಳಿಗೆಯೇ ಕಾರಣವಿರಬಹುದು, ಅದನ್ನೂ ನೋಡಬೇಕು.

ಬೇರೆ ವೈದ್ಯರು ಬರೆದ ಚೀಟಿ ನಮಗೆ ತೋರಿಸದೆ ಔಷಧ ಕೊಳ್ಳಬಾರದು. ಫ್ಲುಕೊನಜೋಲ್, ಕ್ಲಾರಿಥ್ರೋಮೈಸಿನ್, ಡಿಲ್ಟಿಯಜೆಮ್ ಲೆವೆಲ್ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ತೀರಾ ಇಳಿಸುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ, ಡೈಕ್ಲೋಫೆನಾಕ್ ಬೇಡವೇ ಬೇಡ. ಚಕ್ಕೋತ ಹಣ್ಣೂ ಲೆವೆಲ್ ಏರಿಸೀತು.

ಕಿಡ್ನಿ ಕುಸಿಯುತ್ತಿದ್ದರೆ, ತಿರಸ್ಕಾರ ತಡೆಯುವ ಇನ್ನೊಂದು ಔಷಧವಾದ ಎವೆರೊಲಿಮಸ್ ಸೇರಿಸಿ ಟ್ಯಾಕ್ರೋಲಿಮಸ್ ತಗ್ಗಿಸುತ್ತೇವೆ. ಎವೆರೊಲಿಮಸ್ ಲೆವೆಲ್ 3–8 ನ್ಯಾನೋಗ್ರಾಂನಲ್ಲಿರಬೇಕು. ಕಲೆ ಕಟ್ಟಿದ ಮೇಲೆ ಇದರಿಂದ ಸಿಗುವ ಲಾಭ ಕಡಿಮೆ, ಹಾಗೆಂದು ಆಪರೇಷನ್ ಆದ ಕೂಡಲೇ ಕೊಡುವಂತೆಯೂ ಇಲ್ಲ, ಗಾಯ ಮಾಯುವುದು ತಡವಾಗುತ್ತದೆ. ಮೂತ್ರದಲ್ಲಿ ದಿನಕ್ಕೆ 1 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಹೋಗುತ್ತಿದ್ದರೆ ನಾವು ಈ ದಾರಿ ಹಿಡಿಯುವುದಿಲ್ಲ. ಮುಂದೆ ಹರ್ನಿಯಾದಂಥ ಆಪರೇಷನ್ ಗೊತ್ತಾದರೆ ಮುಂಚಿತವಾಗಿಯೇ ಎವೆರೊಲಿಮಸ್ ನಿಲ್ಲಿಸಿ, ಗಾಯ ಮಾಯುವವರೆಗೆ ಟ್ಯಾಕ್ರೋಲಿಮಸ್ ಡೋಸನ್ನು ಮತ್ತೆ ಏರಿಸಿಕೊಳ್ಳುತ್ತೇವೆ.